ಯಂತ್ರಕ್ಕೆ ಕಲಿಸಿದ ಕೈಬರಹ

ಕಂಪ್ಯೂಟರಿನ ಮುಂದೆ ಕುಳಿತು ಅತ್ತವರು ಎಷ್ಟು ಮಂದಿ ಇದ್ದಾರೋ ಗೊತ್ತಿಲ್ಲ. ನಾನಂತೂ ಅತ್ತಿದ್ದೇನೆ. ಬೆಟಗೇರಿಯಲ್ಲಿ ನಮ್ಮ ಬಾಡಿಗೆ ಮನೆಯ ಮೇಲಿನ ಕೋಣೆ, ಪಕ್ಕದ ಮನೆಯಲ್ಲಿ ಮಗ್ಗಗಳ ಖಟಖಟ, ಹಾಡಹಗಲು. ಪರದೆಯ ಒಂದು ಕಡೆ ಕಂದುಬಣ್ಣದ ಹಳೆಯ ಹಾಳೆಯ ಚಿತ್ರ, ಇನ್ನೊಂದು ಕಡೆ ಅದನ್ನು ಯಂತ್ರ ಓದಿ ಕೊಟ್ಟ ಸಾಲುಗಳು. ಸಾಲುಗಳು ಚೆನ್ನಾಗಿದ್ದವು. ಅದಕ್ಕೇ ಅಳು ಬಂದದ್ದು. ಏಕೆಂದು ಹೇಳಬೇಕಾದರೆ ಮೊದಲಿನಿಂದ ಹೇಳಬೇಕು.

ನಾನು ಗದಗಿನ ಪಕ್ಕದ ಮಲ್ಲಸಮುದ್ರದ ಒಕ್ಕಲುತನದ ಮನೆಯ ಮಗಳು. ಕಾಲೇಜಿನಲ್ಲಿ ಇತಿಹಾಸ ಹೇಳುತ್ತೇನೆ. ನಮ್ಮ ಕಡೆ ಮೊಹರಂ ಬಂದರೆ ಪೈಗಂಬರರ ಮೊಮ್ಮಗ ಮಡಿದ ಕರ್ಬಲಾ ಕಾಳಗದ ಪದ ಹಾಡಲು ನಿಲ್ಲುವವರಲ್ಲಿ ನಮ್ಮಂಥ ಹಿಂದೂ ಮನೆಯವರೇ ಹೆಚ್ಚು. ನಮ್ಮಜ್ಜನೂ ಹಾಡುತ್ತಿದ್ದ. ಕನ್ನಡ ಪದಗಳ ನಡುನಡುವೆ ಕೆಲವು ದಖನಿ ಸಾಲುಗಳು ಬರುತ್ತಿದ್ದವು. ದಖನಿಯೆಂದರೆ ಉರ್ದುವಿಗೆ ಹತ್ತಿರದ, ನಮ್ಮ ಸೀಮೆಯ ಮುಸ್ಲಿಮರ ಮನೆಮಾತು. ಆ ಸಾಲುಗಳ ಅರ್ಥ ಕೇಳಿದರೆ ಅಜ್ಜ, “ಹಾಡಾಕ ಬರ್ತೈತಿ, ಕೇಳಿದವರಿಗೆ ಅಳು ಬರ್ತೈತಿ, ಮತ್ತೇನ ಬೇಕ ನಿನಗ?” ಎಂದು ಗದರುತ್ತಿದ್ದ. ನನಗೆ ಬೇಕಿತ್ತು. ನನ್ನ ಹಟ ಸಣ್ಣದಲ್ಲ. ನೌಕರಿ ಸೇರಿದ ಮೇಲೆ ಉರ್ದು ಅಕ್ಷರ ಕಲಿಯಲು ಕುಳಿತೆ. ಸ್ಟಾಫ್ ರೂಮಿನಲ್ಲಿ “ಮೇಡಮ್ಮಾರ, ಉರ್ದು ಶಾಲಿಗೆ ಹೆಸರ ಹಚ್ಚೀರೇನ್ರಿ?” ಎಂದು ನಕ್ಕರು. ನಗಲಿ. ಅಚ್ಚಾದ ಪುಸ್ತಕವನ್ನು ತಡವರಿಸಿಕೊಂಡು ಓದುವಷ್ಟು ಕಲಿತೆ. ಹಳೆಯ ಕೈಬರಹ ಮಾತ್ರ ನನಗೆ ಇರುವೆ ಸಾಲಿನ ಹಾಗೆಯೇ ಕಾಣುತ್ತಿತ್ತು.

ಮಾಸ್ತರ ಪರಿಚಯವಾದದ್ದು ಹೀಗೆ ದಖನಿ ಬಲ್ಲವರನ್ನು ಹುಡುಕುತ್ತ ಹೋದಾಗ. ಲಕ್ಷ್ಮೇಶ್ವರದಲ್ಲಿ, ಕಾಳಿನ ಪೇಟೆಯ ಹಿಂದಿನ ಓಣಿಯಲ್ಲಿ ಅವರ ಮನೆ. ಉರ್ದು ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಅವರಲ್ಲಿ ಒಂದು ಕಟ್ಟು ಇತ್ತು. ಅವರ ಮುತ್ತಜ್ಜ ತಮ್ಮ ಕೈಯಾರೆ ಬರೆದ, ಕರ್ಬಲಾದ ಕಥೆ ಹೇಳುವ ದೀರ್ಘ ದಖನಿ ಕಾವ್ಯ. ಬೇರೆಲ್ಲೂ ಅದರ ಪ್ರತಿ ಇಲ್ಲ. ಹಾಳೆ ಮುಟ್ಟಿದರೆ ಹಪ್ಪಳ. ಉರ್ದು ಲಿಪಿಯಲ್ಲಿ ಎಷ್ಟೋ ಅಕ್ಷರಗಳು ಬೇರೆಯಾಗುವುದು ಚುಕ್ಕೆಯಿಂದಲೇ, ಮುತ್ತಜ್ಜನಿಗೆ ಆ ಚುಕ್ಕೆ ಇಡುವ ರೂಢಿ ಕಡಿಮೆ, ಆದ್ದರಿಂದ ಆ ಕೈಬರಹದ ಹದ ಗೊತ್ತಿದ್ದವರೇ ಓದಬೇಕು. ಹಾಗೆ ಗೊತ್ತಿದ್ದವರು ಮಾಸ್ತರೊಬ್ಬರೇ. ಅವರ ಕಣ್ಣೋ, ದಿನದಿನಕ್ಕೆ ಹೋಗುತ್ತಿತ್ತು. ಕಣ್ಣಿನ ನರ ಒಣಗುವ ರೋಗವಂತೆ, ಹೋದ ದೃಷ್ಟಿ ಮರಳುವುದಿಲ್ಲವಂತೆ.

ಅವರಿಗೆ ಒಂದೇ ಒಂದು ಆಸೆ ಇತ್ತು, ಮೊದಲ ಭೇಟಿಯಲ್ಲೇ ಹೇಳಿದರು. ಕಾವ್ಯದ ಕೊನೆಯ ಭಾಗ ಹೆಂಗಸರ ಶೋಕ. ಅವರು ಚಿಕ್ಕವರಿದ್ದಾಗ ಅವರ ಅಜ್ಜಿ ಮೊಹರಂ ಹತ್ತನೆಯ ದಿನ ನಡುಮನೆಯಲ್ಲಿ ಕುಳಿತು ಅದನ್ನು ಬಾಯಿಪಾಠವಾಗಿ ಹಾಡುತ್ತಿದ್ದಳು. ಅಜ್ಜಿ ತೀರಿದ ಮೇಲೆ ಯಾರೂ ಹಾಡಲಿಲ್ಲ. ನೌಕರಿ, ವರ್ಗಾವರ್ಗಿ, ಮಕ್ಕಳ ಮದುವೆ ಎನ್ನುವುದರಲ್ಲಿ ಕಟ್ಟು ಬಿಚ್ಚಲು ಮಾಸ್ತರಿಗೆ ಪುರಸೊತ್ತಾಗಲಿಲ್ಲ.

“ಧಾಟಿ ನೆನಪೈತಿ ತಂಗಿ, ಮಾತು ಹೋಗ್ಯಾವ,” ಎಂದರು. “ಅದಽ ಒಂದ ಭಾಗ ಕಿವಿಮ್ಯಾಲ ಬಿದ್ರ ಸಾಕು. ಆಮ್ಯಾಲ ಕಣ್ಣ ಹೋದ್ರ ಹೋಗವಲ್ಲದ್ಯಾಕ.”

ನಾನು ಒಂದು ಉಪಾಯ ಹೇಳಿದೆ. ಈಗ ಕೈಬರಹವನ್ನು ಓದಲು ಯಂತ್ರಕ್ಕೆ ಕಲಿಸಬಹುದು. ಹಾಳೆಗಳ ಚಿತ್ರ ತೆಗೆದು ಕಂಪ್ಯೂಟರಿಗೆ ಹಾಕುವುದು. ಬಲ್ಲವರು ಕೆಲವು ಹಾಳೆಗಳನ್ನು ಸಾಲುಸಾಲಾಗಿ ಓದಿ ಹೇಳಿದ್ದನ್ನು ಚಿತ್ರದ ಎದುರು ಬೆರಳಚ್ಚು ಮಾಡುವುದು. ಚಿತ್ರವನ್ನೂ ಅಕ್ಷರವನ್ನೂ ಜೋಡಿಸಿ ನೋಡುತ್ತ ಯಂತ್ರ ಆ ಒಂದು ಕೈಯ ತಿರುವುಗಳನ್ನು ಕಲಿಯುತ್ತದೆ. ಸಾಕಷ್ಟು ಕಲಿತ ಮೇಲೆ ಉಳಿದ ಹಾಳೆಗಳನ್ನು ತಾನೇ ಓದುತ್ತದೆ. ಅರಬಿ, ಫಾರ್ಸಿ, ಉರ್ದು ಹಸ್ತಪ್ರತಿಗಳಿಗೆ ದೂರದ ಊರುಗಳಲ್ಲಿ ಇದನ್ನು ಮಾಡುತ್ತಿದ್ದಾರೆ. ನಾನು ಮನೆಯಲ್ಲೇ ಕುಳಿತು ಅವರ ಪಾಠಗಳನ್ನು ಕೇಳಿ ಕಲಿತಿದ್ದೆ. ಮೊದಲಿನಿಂದ ಮಾಸ್ತರು ಓದಿ ಕಲಿಸಿದರೆ ಕೊನೆಯ ಭಾಗವನ್ನು ಯಂತ್ರ ಓದಬೇಕು, ನಾನು ಅದನ್ನು ಅವರಿಗೆ ಓದಿ ಹೇಳಬೇಕು. ನೇರವಾಗಿ ಕೊನೆಯ ಭಾಗವನ್ನೇ ತೆಗೆದು ಓದೋಣ ಎಂದೂ ಅಂದಿದ್ದೆ. ಆದರೆ ಆ ಹಾಳೆಗಳ ಶಾಯಿ ಎಲ್ಲಕ್ಕಿಂತ ಮಂಕಾಗಿತ್ತು. ಅವರ ಕಣ್ಣಿಗೆ ಅದು ಆಗಲೇ ಬರಿ ಕಂದು.

ಮೊದಲ ದಿನವೇ ಇಡೀ ಕಟ್ಟನ್ನು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡೆ. ಟ್ಯೂಬ್‌ಲೈಟಿನ ಕೆಳಗೆ, ನನ್ನದೇ ತಲೆಯ ನೆರಳು ಬೀಳುತ್ತ ತೆಗೆದ ಚಿತ್ರಗಳು. ಸದ್ಯದ ಕೆಲಸಕ್ಕೆ ಇರಲಿ ಅಷ್ಟೇ. ಒಳ್ಳೆಯ ಕ್ಯಾಮೆರಾ, ಅದರ ಸ್ಟ್ಯಾಂಡು, ಎರಡು ಬದಿಯ ದೀಪ, ಇವನ್ನೆಲ್ಲ ಗುರುತಿನವರೊಬ್ಬರ ವಿಭಾಗದಿಂದ ಬೇಸಿಗೆ ರಜೆಯಲ್ಲಿ ತರಿಸುವ ಮಾತಾಗಿತ್ತು.

ಪ್ರತಿ ಭಾನುವಾರ ಗದಗಿನಿಂದ ಮುಳಗುಂದ ದಾರಿಯ ಬಸ್ಸು ಹಿಡಿದು ಹೋಗುತ್ತಿದ್ದೆ. ಮಾಸ್ತರು ಅಂಗಳದಲ್ಲಿ ಬಿಸಿಲಿಗೆ ಕುರ್ಚಿ ಹಾಕಿಸಿಕೊಂಡು, ಹಾಳೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಓದುತ್ತಿದ್ದರು. ನಾನು ಬೆರಳಚ್ಚು ಮಾಡುತ್ತಿದ್ದೆ. ಅವರ ಹೆಂಡತಿ, ನಾನು ಚಾಚಿ ಎಂದು ಕರೆಯುತ್ತಿದ್ದವಳು, ನಡುವೆ ಚಹಾ ತಂದಿಟ್ಟು, ಅಂಗಳದಲ್ಲಿ ಉದುರಿದ ಕಾಗದದ ಚೂರುಗಳನ್ನು ಒಂದೊಂದಾಗಿ ಹೆಕ್ಕಿ ಕಣ್ಣಿಗೊತ್ತಿಕೊಂಡು ಸೆರಗಿನಲ್ಲಿ ಕಟ್ಟಿಕೊಳ್ಳುತ್ತಿದ್ದಳು. ಅದರಲ್ಲಿ ಪೈಗಂಬರರ ಹೆಸರು ಇರಬಹುದು, ಕಾಲಿಗೆ ಸಿಗಬಾರದು.

ಯಂತ್ರ ಮೊದಮೊದಲು ಕೊಟ್ಟದ್ದನ್ನು ಓದಿದರೆ ನಗು ಬರುತ್ತಿತ್ತು. ಒಂದು ಪದ ಇನ್ನೊಂದಕ್ಕೆ ಸೇರದು. “ನಿನ್ನ ಶಿಷ್ಯ ಭಾಳ ದಡ್ಡ ಅದಾನ,” ಎನ್ನುತ್ತಿದ್ದರು ಮಾಸ್ತರು. ಬರಬರುತ್ತ ಅದು ಹಾದಿಗೆ ಬಂತು. ತಾವಿನ್ನೂ ಮುಟ್ಟದ ಹಾಳೆಯಿಂದ ಒಂದು ಪೂರ್ತಿ ಸಾಲನ್ನು ಅದು ಸರಿಯಾಗಿ ಓದಿದ ದಿನ ಮಾಸ್ತರು ಚಿಣ್ಣರ ಹಾಗೆ ತೊಡೆ ತಟ್ಟಿಕೊಂಡು, “ಶಾಬಾಸ್! ಮುತ್ತಜ್ಜನ ಕೈ ಹಿಡೀತಲೇ!” ಎಂದರು. ನನಗೂ ಅಂದು ಬಸ್ಸಿನಲ್ಲಿ ನಿಂತೇ ಬಂದದ್ದು ಗೊತ್ತಾಗಲಿಲ್ಲ. ಆ ಸಂತೋಷವನ್ನು ಸುಳ್ಳೆಂದು ಹೇಳಲಾರೆ.

ಒಂದು ಸಲ ಚಾಚಿ ಕೇಳಿದಳು, ಇಷ್ಟೆಲ್ಲ ಎಲ್ಲಿ ಹೋಗಿ ಕೂಡುತ್ತದೆ ಎಂದು. ಆ ತನಕದ ಚಿತ್ರಗಳನ್ನೂ ಬರಹವನ್ನೂ ಒಂದು ಪೆನ್‌ಡ್ರೈವಿಗೆ ಹಾಕಿ, ಮನೆಯಲ್ಲೂ ಒಂದು ಪ್ರತಿ ಇರಲಿ ಎಂದು ಅವಳ ಕೈಗೆ ಕೊಟ್ಟೆ. ಮುಂದಿನ ವಾರ ನೋಡಿದರೆ ಅದು ಹಸಿರು ಬಟ್ಟೆಯಲ್ಲಿ ಸುತ್ತಿಸಿಕೊಂಡು ಕುರಾನಿನ ಗೂಡಿನ ಪಕ್ಕದಲ್ಲಿತ್ತು. ಮುಂದೆ ಊದುಬತ್ತಿ ಬೇರೆ. ಮಾಸ್ತರೂ ನಾನೂ ಬಿದ್ದು ಬಿದ್ದು ನಕ್ಕೆವು.

ಆಮೇಲೆ ಪರೀಕ್ಷೆಗಳು ಬಂದವು, ಮೌಲ್ಯಮಾಪನ ಬಂತು. ಕೆಲವು ವಾರ ನನಗೆ ಲಕ್ಷ್ಮೇಶ್ವರದ ಕಡೆ ಮುಖ ಹಾಕಲಾಗಲಿಲ್ಲ. ಅದೇ ಹೊತ್ತಿಗೆ ಮಾಸ್ತರನ್ನು ಮಗ ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆಗೆ ಕರೆದೊಯ್ದ. ಚಾಚಿ ತಮ್ಮನ ಮಗಳ ಮದುವೆಗೆಂದು ತವರಿಗೆ ಹೋದಳು. ಅವಳ ತವರು ಮುಂಡರಗಿ ಆಚೆ, ತುಂಗಭದ್ರೆಯ ದಂಡೆಯ ಮೇಲಿನ ಹಳ್ಳಿ.

ರಜೆ ಸುರುವಾಗಿ ಕ್ಯಾಮೆರಾ ಸ್ಟ್ಯಾಂಡು ಹೊತ್ತುಕೊಂಡು ಹೋದೆ. ಮಾಸ್ತರು ಗೋಡೆಗೆ ಮುಖ ಮಾಡಿ ಮಲಗಿದ್ದರು. ಚಾಚಿ ನೀರು ತಂದಿಟ್ಟಳು. ಕಟ್ಟು ತೆಗೆಯಿರಿ ಎಂದೆ.

“ಅದನ್ನ ಠಂಡಾ ಮಾಡಿ ಬಂದೆನಲ್ಲವ್ವಾ,” ಎಂದಳು, ಏನೋ ಒಳ್ಳೆಯ ಸುದ್ದಿ ಹೇಳುವ ಹಾಗೆ.

ಆ ರೂಢಿ ನನಗೆ ಗೊತ್ತಿತ್ತು. ಪವಿತ್ರ ಹೆಸರುಗಳಿರುವ ಪುಸ್ತಕ ಹರಿದು ಹಾಳಾದರೆ ಅದನ್ನು ರದ್ದಿಗೆ ಹಾಕುವುದಿಲ್ಲ, ಸುಡುವುದಿಲ್ಲ. ಹೊಸ ಪ್ರತಿ ಬಂದ ಮೇಲೆ ಹಳೆಯದನ್ನು ಬಟ್ಟೆಯಲ್ಲಿ ಕಟ್ಟಿ, ತೇಲಿ ಯಾರದೋ ಕಾಲಿಗೆ ಸಿಗದಿರಲೆಂದು ಕಲ್ಲು ಸೇರಿಸಿ, ಹರಿವ ನೀರಿನಲ್ಲಿ ಮುಳುಗಿಸುತ್ತಾರೆ. ಮರ್ಯಾದೆಯಿಂದ ಬೀಳ್ಕೊಡುವುದು ಅದು, ನಾವು ಹಳೆಯ ದೇವರ ಪಟವನ್ನು ಹೊಳೆಗೆ ಬಿಡುವಂತೆಯೇ. ಗೊತ್ತಿದ್ದರೂ ಒಂದು ಕ್ಷಣ ನನಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಎದ್ದು ನಿಂತೆ.

“ಯಾಕ ಚಾಚಿ? ಯಾರ ಹೇಳಿದ್ರು ನಿಮಗ?” ಎಂದು ಕಿರುಚಿದೆ. ದೊಡ್ಡವಳ ಮುಂದೆ ಹಾಗೆ ಕಿರುಚಬಾರದಿತ್ತು. ಆದರೆ ನನಗೆ ಸಿಟ್ಟು ಬಂದರೆ ಮುಂದೆ ಯಾರಿದ್ದಾರೆಂದು ಕಾಣುವುದಿಲ್ಲ.

ಚಾಚಿ ಬೆದರಿ ಗೂಡಿನ ಕಡೆ ಕೈ ತೋರಿಸಿದಳು. “ನಕಲ ಆಗೇತಲ್ಲವ್ವಾ, ಅಲ್ಲೇ ಐತಿ ನೋಡ. ಚೂರು ಚೂರು ಉದರಿ ಕಾಲಾಗ ಬೀಳಾಕ ಹತ್ತಿತ್ತು. ಇವರಿಗಂತೂ ಕಣ್ಣಿಲ್ಲ, ತುಳದ್ರ ಪಾಪ ಯಾರಿಗೆ? ನಮ್ಮ ತವರ ಹೊಳಿ, ಛಲೋ ನೀರ. ನಾನಽ ಬರಿಗಾಲಲೆ ಹೋಗಿ, ಎದಿಮಟ ನೀರಾಗ ನಿಂತು ಬಿಟ್ಟ ಬಂದೆ.”

ಅವಳ ಪ್ರಕಾರ ಬಟ್ಟೆಯಲ್ಲಿ ಸುತ್ತಿದ ಆ ಪೆನ್‌ಡ್ರೈವೇ ಈಗ ಪುಸ್ತಕ. ಮೊಬೈಲ್ ಚಿತ್ರಕ್ಕೂ ಕಾಗದಕ್ಕೂ ನಡುವೆ ಎಷ್ಟು ಅಂತರ ಇದೆಯೆಂದು ಅವಳಿಗೆ ತಿಳಿಸಿ ಹೇಳುವ ಮಾತು ನನ್ನಲ್ಲಿ ಇರಲಿಲ್ಲ. ಮಾಸ್ತರು ಮಲಗಿದ್ದಲ್ಲಿಂದಲೇ, “ಆಕಿಗೆ ಬೈಬ್ಯಾಡ ತಂಗಿ,” ಎಂದರು. ಡಾಕ್ಟರು ಇನ್ನೇನೂ ಮಾಡುವುದಕ್ಕಾಗದು ಎಂದು ಹೇಳಿ ಕಳಿಸಿದ್ದರು. ಅವರಿಗೆ ಈಗ ಬೆಳಕು ಯಾವ ಕಡೆಯದೆಂದು ಗೊತ್ತಾಗುತ್ತಿತ್ತು, ಅಷ್ಟೇ.

ನಾನು ಸುಮ್ಮನೆ ಮನೆಗೆ ಬರುವ ಜಾತಿಯಲ್ಲ. ಮರುದಿನ ಚಾಚಿಯನ್ನು ಕರೆದುಕೊಂಡು ಶಿರಹಟ್ಟಿಗೆ ಹೋಗಿ, ಅಲ್ಲಿ ಬಸ್ಸು ಬದಲಿಸಿ ಮುಂಡರಗಿ, ಅಲ್ಲಿಂದ ಟಂಟಂ ಆಟೋ ಹತ್ತಿ ಆ ಹಳ್ಳಿಗೆ ಹೋದೆ. ಹೊಳೆಯಲ್ಲಿ ನೀರಿತ್ತು. ತೆಪ್ಪ ಹಾಕಿಕೊಂಡು ಮೀನು ಹಿಡಿಯುತ್ತಿದ್ದವನನ್ನು ಕೂಗಿ ಕರೆದು, ಇಂಥ ಕಡೆ ಒಂದು ಗಂಟು ಬಿಟ್ಟಿದ್ದಾರೆ, ಹುಡುಕಿ ಕೊಡಿ ಎಂದು ಕಾಡಿದೆ. ಆತ ಮುಳುಗಿದ, ಎದ್ದ, ಮತ್ತೆ ಮುಳುಗಿದ. ಪಾಚಿ ಬಂತು, ಯಾರದೋ ಹರಕು ಬಲೆ ಬಂತು.

“ಬಟ್ಟಿ ಸಿಕ್ಕರೂ ಒಳಗ ಏನಿರತೈತ್ರಿ ಅಕ್ಕಾರ? ಕಾಗದ ಅಲ್ಲೇನ್ರಿ?” ಎಂದ.

ಅದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಇನ್ನೊಮ್ಮೆ ನೋಡಿ, ಸ್ವಲ್ಪ ಆಚೆ ನೋಡಿ ಎನ್ನುತ್ತಲೇ ಇದ್ದೆ. ಚಾಚಿ ದಂಡೆಯ ಮೇಲೆ ಕುಳಿತು ತಲೆಯ ಮೇಲೆ ಸೆರಗು ಎಳೆದುಕೊಂಡು ಅಳುತ್ತಿದ್ದಳು. ಪುಣ್ಯದ ಕೆಲಸವೆಂದು ಮಾಡಿದ್ದು ನನ್ನ ಬಾಯಿಂದ ಅಪರಾಧವಾಗಿ ಕುಳಿತಿತ್ತು. ಸಮಾಧಾನ ಮಾಡಬೇಕೆಂದು ಹತ್ತಿರ ಹೋದೆ, ನನಗೂ ಅಳು ಬಂತು. ಇಬ್ಬರೂ ಅತ್ತು ಮುಂಡರಗಿಯ ಬಸ್ಸಿಗೆ ಬಂದೆವು.

ಉಳಿದದ್ದು ಆ ದರಿದ್ರ ಮೊಬೈಲ್ ಚಿತ್ರಗಳು. ಮೊದಲ ಹಾಳೆಗಳ ಚಿತ್ರಗಳು ಅಲ್ಲಲ್ಲಿ ತಕ್ಕಮಟ್ಟಿಗಿದ್ದವು. ನಡುವಿನವು ಮಸುಕು. ಕೊನೆಯ ಭಾಗ ಕಂದಿನ ಮೇಲೆ ಕಂದು. ಹೈದರಾಬಾದಿನ ಕಡೆ ಇಂಥ ಕೈಬರಹ ಬಲ್ಲವರೊಬ್ಬರಿಗೆ ಎಲ್ಲವನ್ನೂ ಕಳಿಸಿದೆ. ಅಲ್ಲೊಂದು ಇಲ್ಲೊಂದು ಪದ ಗುರುತಿಸಿ, ಚಿತ್ರ ಸಾಲದು, ದಯವಿಟ್ಟು ಮೂಲ ಪ್ರತಿಯನ್ನು ತನ್ನಿ ಎಂದು ಬರೆದರು. ಅದನ್ನು ಓದಿ ಮೊಬೈಲನ್ನು ಹಾಸಿಗೆಯ ಮೇಲೆ ಬಿಸಾಡಿದೆ. ಮೂಲ ಪ್ರತಿಯನ್ನು ತರಬೇಕಂತೆ!

ಇನ್ನು ಯಂತ್ರವೊಂದೇ ಗತಿ. ಚಿತ್ರಗಳ ಬಣ್ಣ ತೆಗೆದೆ, ಕಪ್ಪು ಹೆಚ್ಚಿಸಿದೆ, ನೆರಳು ಅಳಿಸಿದೆ, ಒಂದೊಂದು ಸಾಲನ್ನೂ ಕತ್ತರಿಸಿ ನೇರ ಮಾಡಿದೆ. ರಜೆಯೆಲ್ಲ ಅದೇ. ಮನೆಯಲ್ಲಿ ಸಾರು ಹೊತ್ತಿತು, ಅನ್ನ ಹೊತ್ತಿತು, ಗಂಡ ಖಾನಾವಳಿಯ ದಾರಿ ಹಿಡಿದರು. ಮಾಸ್ತರು ಓದಿ ಹೇಳಿದ ಹಾಳೆಗಳಿಂದ ಮತ್ತೊಮ್ಮೆ ಯಂತ್ರಕ್ಕೆ ಪಾಠ ಮಾಡಿಸಿ, ಕೊನೆಯ ಭಾಗವನ್ನು ಓದಲು ಬಿಟ್ಟೆ.

ಓದಿತು. ಒಂದೂ ತಡವರಿಸದೆ ಓದಿತು. ತನಗೆ ಖಾತ್ರಿಯಿಲ್ಲದ ಪದಗಳನ್ನು ಅದು ತಿಳಿ ಗುಲಾಬಿ ಬಣ್ಣದಲ್ಲಿ ತೋರಿಸುತ್ತದೆ. ಮೊದಲ ಹಾಳೆಗಳಲ್ಲಿ, ನನ್ನ ಕಣ್ಣಿಗೂ ಅಕ್ಷರ ಕಾಣುವಲ್ಲಿ, ಎಷ್ಟೋ ಗುಲಾಬಿ ಕಲೆಗಳಿದ್ದವು. ಇಲ್ಲಿ, ಏನೂ ಕಾಣದ ಹಾಳೆಗಳಲ್ಲಿ, ಕಲೆಯೇ ಇಲ್ಲ. ಪದಕ್ಕೆ ಪದ ಕೂಡಿತ್ತು, ಪ್ರಾಸ ಬಿದ್ದಿತ್ತು, ಶೋಕವೂ ಇತ್ತು. ಏನೂ ಇಲ್ಲದಲ್ಲಿ ಇಷ್ಟು ಖಾತ್ರಿಯಿಂದ ಓದುತ್ತದೆಯೆಂದರೆ ಅದು ಓದುತ್ತಿಲ್ಲ, ಕಲಿತದ್ದನ್ನು ಒಪ್ಪಿಸುತ್ತಿದೆ. ಕಲಿತದ್ದೆಲ್ಲ ಮಾಸ್ತರಿಂದಲೇ. ನಾನು ಅತ್ತದ್ದು ಆಗ.

ಹಾಗಾದರೆ ಅದನ್ನು ಅವರಿಗೆ ಓದಿ ಹೇಳಬಾರದಿತ್ತು. ಆದರೆ ಚಾಚಿ ದಿನ ಬಿಟ್ಟು ದಿನ ಫೋನು ಮಾಡಿ, “ಕೊನೀದು ಬಂತೇನವ್ವಾ? ಅನ್ನ ಬಿಟ್ಟಾರ ಅವರು, ಅದನ್ನಽ ಕೇಳ್ತಾರ,” ಎನ್ನುತ್ತಿದ್ದಳು. ನಿಜವೂ ಇರಬಹುದಲ್ಲ ಎಂಬ ಹುಚ್ಚು ಆಸೆ ನನಗೂ ಇತ್ತು. ಯಂತ್ರದ ಕಣ್ಣಿಗೆ ನಮಗೆ ಕಾಣದ ಗೆರೆ ಕಂಡಿದ್ದರೆ? ಲ್ಯಾಪ್‌ಟಾಪು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ.

ಮಾಸ್ತರು ಗೋಡೆಗೆ ಒರಗಿ ಕುಳಿತಿದ್ದರು. ಮುಖ ಇಳಿದು ಹೋಗಿತ್ತು. ನಾನು ಕುಳಿತ ಸದ್ದಿಗೇ, “ಓದ ತಂಗಿ,” ಎಂದರು.

“ಮಾಸ್ತರ್ರ, ಮೊದಲಽ ಹೇಳ್ತೀನ್ರಿ, ಚಿತ್ರ ಛಲೋ ಇಲ್ಲ. ಯಂತ್ರ ತಪ್ಪ ಓದಿರಬಹುದು.”

“ಓದು.”

ಓದಿದೆ. ಎರಡು ಸಾಲಿಗೆ ಅವರ ಕೈ ತೊಡೆಯ ಮೇಲೆ ತಾಳ ಹಾಕತೊಡಗಿತು. ಅಜ್ಜಿಯ ಧಾಟಿಯನ್ನು ಹಿಡಿಯುತ್ತಿದ್ದರು. ನಾನು ಸಾಲು ಓದುವುದು, ಅವರು ಅದನ್ನು ಧಾಟಿಗೆ ಎತ್ತುವುದು. ಎತ್ತಿದ್ದು ನಡುವೆಯೇ ಮುರಿಯಿತು. ಮತ್ತೆ ಓದು ಎಂದರು. ಮತ್ತೆ ಎತ್ತಿದರು, ಮತ್ತೆ ಮುರಿಯಿತು. ಸಾಲು ಉದ್ದ, ಧಾಟಿ ಗಿಡ್ಡ. ಎಷ್ಟು ಎಳೆದರೂ ಕೂಡಲಿಲ್ಲ. ಕೈ ನಿಂತಿತು. ಬಾಗಿಲಲ್ಲಿ ನಿಂತಿದ್ದ ಚಾಚಿ ನನ್ನ ಮುಖ ನೋಡಿದಳು.

“ಇದು ಅಜ್ಜಿ ಹಾಡಿದ್ದಲ್ಲ,” ಎಂದರು ಮಾಸ್ತರು. “ಇದು ನಂದು.”

“ನಿಮ್ಮಿಂದ ಕಲಿತೈತಲ್ರಿ, ಅದಕ್ಕ ಹಂಗ ಅನಸ್ತೈತಿ,” ಎಂದೆ.

“ಹಂಗಲ್ಲ.” ಅವರ ದನಿ ಬೇರೆಯಾಗಿತ್ತು. “ನನಗ ಎಲ್ಲಾ ಕಾಣತಿದ್ದಿಲ್ಲ ತಂಗಿ. ಹಾಳಿ ಮೂಗಿಗೆ ಹಚ್ಚಿ ಹಿಡಿದ್ರೂ ಅಲ್ಲೊಂದ ಮಾತು, ಇಲ್ಲೊಂದ ಮಾತು ಕಾಣೋದು. ನಡುವಿನದ ನಾನಽ ಕೂಡಿಸಿ ಹೇಳಿದೆ. ಕಾಣಂಗಿಲ್ಲ ಅಂದ್ರ ನೀ ಬರೋದು ಬಿಡ್ತೀ ಅಂತ ಹೆದರಿಕಿ ಆತು. ಕೊನೀದು ಹೆಂಗೂ ಯಂತ್ರ ಓದತೈತಿ, ಆಮ್ಯಾಲ ಹಾಳಿ ತಗದು ತಿದ್ದಿಸಿದ್ರಾತು ಅಂದಕೊಂಡಿದ್ದೆ. ಹಾಳಿ ಎಲ್ಲಿಗಿ ಹೊಕ್ಕಾವ, ಮನ್ಯಾಗಽ ಇರ್ತಾವಲ್ಲ ಅಂತ.”

ಚಾಚಿ ಬಾಗಿಲಲ್ಲೇ ಕುಳಿತಳು.

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ನಾವು ಯಂತ್ರಕ್ಕೆ ಕಲಿಸಿದ್ದು ಯಾರ ಕೈಬರಹ ಹಾಗಾದರೆ? “ಎಲ್ಲಿಂದ ಹಂಗ ಹೇಳಿದ್ರಿ ಮಾಸ್ತರ್ರ? ಯಾವ ಹಾಳಿಯಿಂದ? ಅದೊಂದ ಹೇಳ್ರಿ. ಅಲ್ಲಿಮಟ ಇದ್ದದ್ದನ್ನ ಉಳಿಸ್ತೀನಿ, ಮುಂದಿಂದು ತಗದ ಹಾಕ್ತೀನಿ. ಅಷ್ಟರ ಮುತ್ತಜ್ಜಂದು ಅಂತ ಉಳೀಲಿ.”

“ಓದಕೋತ ಹೋಗು. ಹೇಳ್ತೀನಿ.”

ಮೊದಲ ಹಾಳೆಯಿಂದ ಓದತೊಡಗಿದೆ. ದೇವರ ಸ್ತುತಿ. “ಇದು ಅವರದು,” ಎಂದರು. ಮುಂದಿನದು. “ಇದೂ ಅವರದು.” ಆಮೇಲೆ ಪಯಣದ ವರ್ಣನೆ, ಮರಳು, ಒಂಟೆಗಳು. ಕತ್ತನ್ನು ಒಂದು ಕಡೆ ವಾಲಿಸಿ ಕೇಳಿದರು. “ಇದು... ಒಂಟಿ ಅನ್ನೋದು ಕಂಡಿತ್ತು. ಉಳದದ್ದು ನೆನಪಿಲ್ಲ.” ಇನ್ನೊಂದು ಹಾಳೆ. “ಗೊತ್ತಾಗವಲ್ದು.” ಇನ್ನೊಂದು. ತಲೆ ಅಲ್ಲಾಡಿಸಿದರು. ನಾನು ಬೇಡಿಕೊಳ್ಳುವ ದನಿಯಲ್ಲಿ ಓದುತ್ತಿದ್ದೆ, ಚೆನ್ನಾಗಿ ಓದಿದರೆ ಅವರಿಗೆ ನೆನಪು ಬಂದೀತೆಂಬ ಹಾಗೆ. ಅವರು ಎಷ್ಟು ಸಲ ಅವುಗಳನ್ನು ನನ್ನ ಬಾಯಿಂದ, ತಮ್ಮ ಬಾಯಿಂದ ಕೇಳಿದ್ದರೆಂದರೆ, ಎಲ್ಲ ಸಾಲುಗಳೂ ಅವರಿಗೆ ಒಂದೇ ಸಮನಾಗಿ ಪರಿಚಿತವಾಗಿದ್ದವು.

“ಮೊದಲಿಂದ ಇನ್ನೊಮ್ಮೆ,” ಎಂದರು. ದೇವರ ಸ್ತುತಿಯನ್ನು ಮತ್ತೆ ಓದಿದೆ. ಈ ಸಲ ಅವರು ‘ಅವರದು’ ಎನ್ನಲಿಲ್ಲ. ತುಟಿ ಅಲುಗುತ್ತಿತ್ತು. ಸಾಲನ್ನು ನನಗಿಂತ ಮೊದಲೇ ಒಳಗೆ ಹೇಳಿಕೊಳ್ಳುತ್ತಿದ್ದರು. ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡರು.

“ಸಾಕ ತಂಗಿ, ಓದಬ್ಯಾಡ,” ಎಂದರು. “ಇನ್ನೊಮ್ಮೆ ಕೇಳಿದ್ರ ಎಲ್ಲಾನೂ ನಂದಽ ಆಗಿಬಿಡ್ತಾವ. ಮುತ್ತಜ್ಜಂದು ಅನ್ನಾಕ ಒಂದ ಸಾಲರ ಇರಲಿ.”